ಏರ್‌ಲೈನ್ ಪೈಲಟ್ ಲಿಖಿತ ಪರೀಕ್ಷೆಗೆ ಓದುವ ಬಗೆ: ಕಾರಣ ಮೊದಲು, ಕ್ವೆಶ್ಚನ್ ಬ್ಯಾಂಕ್ ಆಮೇಲೆ

ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಪರವಾನಗಿಯ ಲಿಖಿತ ಪರೀಕ್ಷೆಗೆ ಕೂರುವವರನ್ನು ಕಾಡುವುದು ವಿಷಯಗಳ ಆಳಕ್ಕಿಂತ ಹೆಚ್ಚಾಗಿ ಅವುಗಳ ಹರವು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೊದಲನೆಯ ಅನುಬಂಧವು ಈ ಪರವಾನಗಿಗೆ ಬೇಕಾದ ಜ್ಞಾನವನ್ನು ವಿಮಾನಯಾನ ಕಾನೂನು, ವಿಮಾನದ ಸಾಮಾನ್ಯ ತಿಳಿವಳಿಕೆ, ಪರ್ಫಾರ್ಮೆನ್ಸ್ (ವಿಮಾನದ ಟೇಕಾಫ್, ಏರಿಕೆ, ಇಳಿಯುವಿಕೆಯ ಸಾಮರ್ಥ್ಯ) ಮತ್ತು ಹಾರಾಟದ ಯೋಜನೆ, ಮಾನವ ಸಾಮರ್ಥ್ಯ, ಹವಾಮಾನ, ನ್ಯಾವಿಗೇಶನ್, ಕಾರ್ಯಾಚರಣೆಯ ವಿಧಾನಗಳು, ಹಾರಾಟದ ತತ್ತ್ವಗಳು ಮತ್ತು ರೇಡಿಯೊ ಸಂವಹನ ಎಂದು ವಿಂಗಡಿಸುತ್ತದೆ. ಇದೇ ಜ್ಞಾನವನ್ನು ಯುರೋಪಿನ ಪದ್ಧತಿಯು 13 ಪ್ರತ್ಯೇಕ ಪತ್ರಿಕೆಗಳಾಗಿ ಹಂಚಿ, ಪ್ರತಿಯೊಂದರಲ್ಲೂ ಶೇಕಡಾ 75 ಅಂಕ ಕೇಳಿ, ಎಲ್ಲವನ್ನೂ 18 ತಿಂಗಳೊಳಗೆ ಮುಗಿಸಬೇಕೆಂದು ವಿಧಿಸುತ್ತದೆ. ಅಮೆರಿಕದ ಪದ್ಧತಿಯು 125 ಪ್ರಶ್ನೆಗಳ ಒಂದೇ ಪತ್ರಿಕೆಯನ್ನು ನಾಲ್ಕು ಗಂಟೆಯಲ್ಲಿ ಬರೆಸಿ, ಶೇಕಡಾ 70ಕ್ಕೆ ತೇರ್ಗಡೆ ಮಾಡುತ್ತದೆ. ಹೀಗಾಗಿ ಮೊದಲ ಕೆಲಸ ಪುಸ್ತಕ ಕೊಳ್ಳುವುದಲ್ಲ. ನಿಮಗೆ ಪರವಾನಗಿ ಕೊಡುವ ಪ್ರಾಧಿಕಾರದ ಈಗಿನ ಪಠ್ಯಕ್ರಮವನ್ನು ಅಧಿಕೃತ ಮೂಲದಿಂದಲೇ ಪಡೆದು, ಮುದ್ರಿಸಿ, ಪ್ರತಿ ಅಂಶದ ಮುಂದೆ ‘ವಿವರಿಸಬಲ್ಲೆ’, ‘ಗುರುತಿಸಬಲ್ಲೆ’, ‘ತಿಳಿಯದು’ ಎಂಬ ಮೂರರಲ್ಲಿ ಒಂದನ್ನು ಬರೆದುಕೊಳ್ಳುವುದು. ಆ ಹಾಳೆಯನ್ನು ಪರೀಕ್ಷೆಯ ದಿನದವರೆಗೂ ಮೇಜಿನ ಮೇಲೆಯೇ ಇಟ್ಟುಕೊಂಡು ತಿದ್ದುತ್ತಾ ಹೋಗಬೇಕು.

‘ಗುರುತಿಸಬಲ್ಲೆ’ ಎಂಬ ಗುಂಪೇ ಇಲ್ಲಿ ಅಪಾಯಕಾರಿ. ಪರೀಕ್ಷೆಯ ಬಹುಪಾಲು ಬಹು ಆಯ್ಕೆಯ ಪ್ರಶ್ನೆಗಳಿಂದ ಕೂಡಿರುವುದರಿಂದ, ಸಾವಿರಾರು ಪ್ರಶ್ನೆಗಳಿರುವ ಕ್ವೆಶ್ಚನ್ ಬ್ಯಾಂಕ್ ಒಂದನ್ನು ತೆರೆದು, ಸರಿಯುತ್ತರದ ರೂಪವನ್ನು ಕಣ್ಣಿಗೆ ಅಭ್ಯಾಸ ಮಾಡಿಸಿ ತೇರ್ಗಡೆಯಾಗಬಹುದೆಂಬ ನಂಬಿಕೆ ಬಲವಾಗಿದೆ. ಕ್ವೆಶ್ಚನ್ ಬ್ಯಾಂಕ್ ಬೇಡವೆಂದು ನಾನು ಹೇಳುವುದಿಲ್ಲ, ಅದು ಬೇಕೇ ಬೇಕು. ಆದರೆ ಅದು ಓದಿನ ಕೊನೆಯ ಹಂತಕ್ಕೆ ಸೇರಿದ್ದು. ಕಾರಣ ತಿಳಿಯದೆ ಕಲಿತ ಉತ್ತರವು ಪ್ರಶ್ನೆಯಲ್ಲಿ ಒಂದು ಪದ ಬದಲಾದರೂ ಸಾಕು, ತಪ್ಪಾಗುತ್ತದೆ. ‘ಸ್ಥಿರ ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್‌ನಲ್ಲಿ (ವೇಗಸೂಚಕ ತೋರುವ, ಉಪಕರಣದ ದೋಷ ತಿದ್ದಿದ ವೇಗದಲ್ಲಿ) ಏರುವಾಗ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ವಿಮಾನದ ವೇಗ) ಏನಾಗುತ್ತದೆ’ ಎಂಬುದಕ್ಕೆ ‘ಹೆಚ್ಚುತ್ತದೆ’ ಎಂದು ಬಾಯಿಪಾಠ ಮಾಡಿದವರು, ‘ಸ್ಥಿರ ಮ್ಯಾಕ್ ಸಂಖ್ಯೆಯಲ್ಲಿ ಇಳಿಯುವಾಗ ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್ ಏನಾಗುತ್ತದೆ’ ಎಂದು ಕೇಳಿದಾಗ ತಡವರಿಸುತ್ತಾರೆ. ಕಾರಣ ಬಲ್ಲವರಿಗೆ ಇವೆರಡೂ ಒಂದೇ ಪ್ರಶ್ನೆ.

ಯಾವುದರ ನಂತರ ಯಾವುದು

ವಿಷಯಗಳನ್ನು ಪಠ್ಯಕ್ರಮದಲ್ಲಿ ಅಚ್ಚಾದ ಕ್ರಮದಲ್ಲಿ ಓದುವುದಕ್ಕಿಂತ, ಒಂದು ಇನ್ನೊಂದಕ್ಕೆ ಆಧಾರವಾಗುವ ಕ್ರಮದಲ್ಲಿ ಓದುವುದು ಒಳ್ಳೆಯದು. ವಾತಾವರಣದ ಭೌತಶಾಸ್ತ್ರ ಮತ್ತು ಹಾರಾಟದ ತತ್ತ್ವಗಳು ಮೊದಲು ಬರಬೇಕು. ಅವುಗಳ ಮೇಲೆ ಉಪಕರಣಗಳು, ಉಪಕರಣಗಳ ಮೇಲೆ ಪರ್ಫಾರ್ಮೆನ್ಸ್, ಪರ್ಫಾರ್ಮೆನ್ಸ್‌ನ ಮೇಲೆ ಹಾರಾಟದ ಯೋಜನೆ ನಿಲ್ಲುತ್ತವೆ. ನ್ಯಾವಿಗೇಶನ್ ಕೈಯ ಅಭ್ಯಾಸವನ್ನು ಬೇಡುವ ವಿಷಯವಾದ್ದರಿಂದ ಮೊದಲ ದಿನದಿಂದ ಕೊನೆಯ ದಿನದವರೆಗೂ ಪ್ರತಿದಿನ ಎರಡು ಮೂರು ಲೆಕ್ಕಗಳಂತೆ ಪಕ್ಕದಲ್ಲೇ ನಡೆಯುತ್ತಿರಲಿ. ಕಾನೂನು ಮತ್ತು ಕಾರ್ಯಾಚರಣೆಯ ವಿಧಾನಗಳಲ್ಲಿ ಬಿಡಿ ಸಂಖ್ಯೆಗಳೂ ವ್ಯಾಖ್ಯೆಗಳೂ ಹೆಚ್ಚಾಗಿರುವುದರಿಂದ ಅವನ್ನು ಪರೀಕ್ಷೆಗೆ ಹತ್ತಿರವಿಟ್ಟುಕೊಳ್ಳಬೇಕು. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಂಠಪಾಠ ಮಾಡಿ ಮರೆವಿನ ವೇಗವನ್ನು ಅಳೆದ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದಂತೆ, ಹೀಗೆ ಕಲಿತದ್ದರ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಕಳಚಿಹೋಗುತ್ತದೆ. ನಡುವೆ ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಂಡದ್ದು ಮಾತ್ರ ಉಳಿಯುತ್ತದೆ. ಇಂದು ಓದಿದ ಅಂಶವನ್ನು ನಾಳೆ, ನಾಲ್ಕು ದಿನಗಳ ಮೇಲೆ, ಹತ್ತು ದಿನಗಳ ಮೇಲೆ ಪುಸ್ತಕ ಮುಚ್ಚಿ ಬರೆದು ನೋಡುವುದು ಈ ಓದಿನ ನಿತ್ಯನಿಯಮವಾಗಬೇಕು. ಹಳದಿ ಬಣ್ಣ ಬಳಿದ ಸಾಲುಗಳನ್ನು ಮತ್ತೊಮ್ಮೆ ಕಣ್ಣಾಡಿಸುವುದರಿಂದ ಗೊತ್ತಿದೆ ಎಂಬ ಸಮಾಧಾನ ದೊರೆಯುತ್ತದೆಯೇ ಹೊರತು ಜ್ಞಾಪಕಶಕ್ತಿಗೆ ಕೆಲಸವಾಗುವುದಿಲ್ಲ.

ವಾತಾವರಣದಿಂದ ವೇಗದವರೆಗೆ

ಅಂತರರಾಷ್ಟ್ರೀಯ ಪ್ರಮಾಣಿತ ವಾತಾವರಣದ ನಾಲ್ಕು ಅಂಕೆಗಳು ನಾಲಿಗೆಯ ತುದಿಯಲ್ಲಿರಬೇಕು: ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು 1013.25 ಹೆಕ್ಟೊಪಾಸ್ಕಲ್ ಒತ್ತಡ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿಯ ಇಳಿಕೆ, ಸುಮಾರು 36,090 ಅಡಿಯಲ್ಲಿ ಮೈನಸ್ 56.5 ಡಿಗ್ರಿಯೊಂದಿಗೆ ಶುರುವಾಗುವ ಟ್ರೋಪೊಪಾಸ್, ಅಂದರೆ ಉಷ್ಣಾಂಶದ ಇಳಿಕೆ ನಿಲ್ಲುವ ಗಡಿ. ಇವು ಒಂದು ಅಧ್ಯಾಯಕ್ಕೆ ಸೇರಿದ ಅಂಕೆಗಳಲ್ಲ. ಆಲ್ಟಿಮೀಟರ್ (ಗಾಳಿಯ ಒತ್ತಡದಿಂದ ಎತ್ತರ ತೋರುವ ಉಪಕರಣ), ಎಂಜಿನ್ ಬಲ, ಟೇಕಾಫ್ ದೂರ, ಇಂಧನ ಬಳಕೆ ಎಲ್ಲವೂ ಇವುಗಳನ್ನೇ ಅಳತೆಗೋಲಾಗಿ ಹಿಡಿಯುತ್ತವೆ.

ಮೇಲೆ ಹೇಳಿದ ಏರಿಕೆಯ ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ಎತ್ತರ ಹೆಚ್ಚಿದಂತೆ ಗಾಳಿಯ ಸಾಂದ್ರತೆ ಇಳಿಯುತ್ತದೆ. ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್ ಬದಲಾಗದಿರಬೇಕಾದರೆ, ತೆಳುವಾದ ಆ ಗಾಳಿಯಲ್ಲಿ ವಿಮಾನವು ನಿಜವಾಗಿ ಇನ್ನಷ್ಟು ವೇಗವಾಗಿ ಸಾಗಬೇಕಾಗುತ್ತದೆ, ಅಂದರೆ ಟ್ರೂ ಏರ್‌ಸ್ಪೀಡ್ ಹೆಚ್ಚುತ್ತದೆ. ಅದೇ ಹೊತ್ತಿಗೆ ಉಷ್ಣಾಂಶ ಇಳಿಯುವುದರಿಂದ ಶಬ್ದದ ವೇಗ ಕಡಿಮೆಯಾಗುತ್ತದೆ. ಮ್ಯಾಕ್ ಸಂಖ್ಯೆ ಇವೆರಡರ ಅನುಪಾತ. ಅಂಶ ಹೆಚ್ಚಿ ಛೇದ ಇಳಿದರೆ ಅದು ಏರಲೇಬೇಕು. ಆದ್ದರಿಂದಲೇ ಜೆಟ್ ವಿಮಾನಗಳು ಒಂದು ಎತ್ತರದವರೆಗೆ ಸ್ಥಿರ ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್‌ನಲ್ಲಿ ಏರಿ, ಮ್ಯಾಕ್ ಸಂಖ್ಯೆ ನಿಗದಿತ ಮಟ್ಟ ಮುಟ್ಟಿದ ಮೇಲೆ ಅದನ್ನೇ ಸ್ಥಿರವಾಗಿ ಹಿಡಿಯುತ್ತವೆ. ಅಲ್ಲಿಂದ ಮೇಲೆ ಟ್ರೋಪೊಪಾಸ್‌ವರೆಗೆ ಟ್ರೂ ಏರ್‌ಸ್ಪೀಡ್ ಇಳಿಯುತ್ತಾ ಹೋಗುತ್ತದೆ, ಕ್ಯಾಲಿಬ್ರೇಟೆಡ್ ಏರ್‌ಸ್ಪೀಡ್ ಇನ್ನೂ ಬೇಗ ಇಳಿಯುತ್ತದೆ. ಇಳಿಯುವಾಗ ಎಲ್ಲವೂ ತಿರುಗುಮುರುಗು. ಇಷ್ಟನ್ನು ಮೂರು ಗೆರೆಗಳ ಒಂದು ಚಿತ್ರವಾಗಿ, ನೋಡದೆ, ನಿಮ್ಮ ಕೈಯಿಂದಲೇ ಬರೆಯಲು ಬಂದರೆ ಕ್ವೆಶ್ಚನ್ ಬ್ಯಾಂಕಿನ ಹತ್ತಾರು ಪ್ರಶ್ನೆಗಳು ಒಟ್ಟಿಗೆ ಮುಗಿದಂತೆ. ಸಂಖ್ಯೆಯ ರೂಪದಲ್ಲೂ ಒಮ್ಮೆ ಮಾಡಿ ನೋಡಿ: ಶಬ್ದದ ವೇಗವು ನಾಟ್‌ಗಳಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು), ಕೆಲ್ವಿನ್ ಉಷ್ಣಾಂಶದ ವರ್ಗಮೂಲದ ಸುಮಾರು 39 ಪಟ್ಟು. 35,000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 219 ಕೆಲ್ವಿನ್ ಆಗಿರುವುದರಿಂದ ಅಲ್ಲಿ ಶಬ್ದದ ವೇಗ ಸುಮಾರು 576 ನಾಟ್, ಮ್ಯಾಕ್ 0.78ರಲ್ಲಿ ಹಾರುವ ವಿಮಾನದ ಟ್ರೂ ಏರ್‌ಸ್ಪೀಡ್ ಸುಮಾರು 450 ನಾಟ್. ಈ 450 ಎಂಬ ಅಂಕೆ ಮನಸ್ಸಿನಲ್ಲಿ ನಿಂತರೆ, ಲೆಕ್ಕದಲ್ಲಿ 540 ಅಥವಾ 390 ಬಂದಾಗ ಅನುಮಾನ ತಾನಾಗಿಯೇ ಹುಟ್ಟುತ್ತದೆ.

ಆಲ್ಟಿಮೀಟರ್‌ನ ಲೆಕ್ಕಗಳನ್ನೂ ಹೀಗೆಯೇ ದಿಕ್ಕು ಮೊದಲು, ಅಂಕೆ ನಂತರ ಎಂಬಂತೆ ಬಿಡಿಸಬೇಕು. ಆ ಪ್ರದೇಶದ ಸಮುದ್ರಮಟ್ಟದ ಒತ್ತಡ 993 ಹೆಕ್ಟೊಪಾಸ್ಕಲ್ ಇರುವಾಗ ಉಪಕರಣದಲ್ಲಿ 1013 ಇಟ್ಟಿದ್ದರೆ ವಿಮಾನ ಎಲ್ಲಿದೆ? ಹೆಚ್ಚಿನ ಒತ್ತಡದ ಲೆಕ್ಕ ಹಿಡಿದು ಕಡಿಮೆ ಒತ್ತಡದ ಪ್ರದೇಶದಲ್ಲಿ ಹಾರುತ್ತಿರುವುದರಿಂದ ವಿಮಾನ ತೋರುವುದಕ್ಕಿಂತ ಕೆಳಗಿದೆ. ಇದು ದಿಕ್ಕು. ಒಂದು ಹೆಕ್ಟೊಪಾಸ್ಕಲ್‌ಗೆ 27 ಅಡಿಯಂತೆ 20ಕ್ಕೆ 540 ಅಡಿ. ಆಲ್ಟಿಮೀಟರ್ 5,000 ತೋರಿಸುತ್ತಿದ್ದರೆ ನಿಜ ಎತ್ತರ ಸುಮಾರು 4,460. ಗಾಳಿಯು ಪ್ರಮಾಣಿತಕ್ಕಿಂತ 20 ಡಿಗ್ರಿ ತಣ್ಣಗಿದ್ದರೆ, ಪ್ರತಿ 10 ಡಿಗ್ರಿಗೆ ಶೇಕಡಾ 4ರಂತೆ, ಇನ್ನೂ ಸುಮಾರು 350 ಅಡಿ ಕಳೆಯುತ್ತದೆ. ಕಡಿಮೆ ಒತ್ತಡ ಮತ್ತು ಚಳಿ ಎರಡೂ ವಿಮಾನವನ್ನು ನೆಲದ ಕಡೆಗೇ ಎಳೆಯುತ್ತವೆ ಎಂಬುದು ಸ್ಪಷ್ಟವಾದ ಮೇಲೆ ಕೂಡಿಸಬೇಕೋ ಕಳೆಯಬೇಕೋ ಎಂಬ ಗೊಂದಲ ಉಳಿಯುವುದಿಲ್ಲ.

ಲೆಕ್ಕಕ್ಕೆ ಮುಂಚೆ ಅಂದಾಜು

ನ್ಯಾವಿಗೇಶನ್‌ನಲ್ಲಿ ಅಂಕ ಹೋಗುವುದು ಸೂತ್ರ ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ, ಬಂದ ಉತ್ತರ ಅಸಾಧ್ಯವೆಂದು ಕಾಣದಿರುವುದರಿಂದ. ತಪ್ಪು ಆಯ್ಕೆಗಳನ್ನು ರಚಿಸುವವರು, ಅಭ್ಯರ್ಥಿ ಸಾಮಾನ್ಯವಾಗಿ ಮಾಡುವ ತಪ್ಪಿನಿಂದ ಬರುವ ಉತ್ತರವನ್ನೇ ಆಯ್ಕೆಗಳ ನಡುವೆ ಇಟ್ಟಿರುತ್ತಾರೆ. ನಿಮ್ಮ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತೆಂಬುದು ಅದು ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಆದುದರಿಂದ ಪೆನ್ಸಿಲ್ ಹಿಡಿಯುವ ಮುನ್ನ ಉತ್ತರ ಯಾವ ಕಡೆ ಇರಬೇಕು, ಸುಮಾರು ಎಷ್ಟಿರಬೇಕು ಎಂಬುದನ್ನು ಹೇಳಿಕೊಳ್ಳುವುದು ರೂಢಿಯಾಗಬೇಕು.

ಮುಂದೆ ಹೋಗಲೂ ಹಿಂತಿರುಗಲೂ ಒಂದೇ ಸಮಯ ತಗಲುವ ಸಮಸಮಯ ಬಿಂದುವನ್ನು ಉದಾಹರಣೆಗೆ ತೆಗೆದುಕೊಳ್ಳಿ. ದೂರ 1,200 ನಾಟಿಕಲ್ ಮೈಲು, ಟ್ರೂ ಏರ್‌ಸ್ಪೀಡ್ 450 ನಾಟ್, ಹೋಗುವಾಗ 50 ನಾಟ್ ಎದುರುಗಾಳಿ. ಹೋಗುವ ನೆಲವೇಗ (ನೆಲಕ್ಕೆ ಹೋಲಿಸಿದ ವೇಗ) 400, ಮರಳುವ ನೆಲವೇಗ 500. ಗಾಳಿ ಇಲ್ಲದಿದ್ದರೆ ಬಿಂದು ನಡುಮಧ್ಯೆ, 600 ಮೈಲಿನಲ್ಲಿ ಇರುತ್ತಿತ್ತು. ಎದುರುಗಾಳಿಯಿದ್ದಾಗ ಹಿಂತಿರುಗುವುದು ಸುಲಭ, ಆದ್ದರಿಂದ ಬಹಳ ದೂರ ಹೋದ ಮೇಲೆಯೂ ಹಿಂತಿರುಗುವುದೇ ಬೇಗ ಆಗುತ್ತದೆ. ಬಿಂದು 600ರಿಂದ ಮುಂದೆ ಸರಿಯಲೇಬೇಕು. ಈಗ ಸೂತ್ರ: ಒಟ್ಟು ದೂರವನ್ನು ಮರಳುವ ನೆಲವೇಗದಿಂದ ಗುಣಿಸಿ, ಎರಡೂ ನೆಲವೇಗಗಳ ಮೊತ್ತದಿಂದ ಭಾಗಿಸಿದರೆ 667 ಮೈಲು. ತಾಳೆ ನೋಡಿ: ಉಳಿದ 533 ಮೈಲನ್ನು 400ರಲ್ಲಿ ಹಾರಲು 80 ನಿಮಿಷ, 667ನ್ನು 500ರಲ್ಲಿ ಮರಳಲು 80 ನಿಮಿಷ. ಗಡಿಬಿಡಿಯಲ್ಲಿ 400ರಿಂದ ಗುಣಿಸಿದವರಿಗೆ 533 ಬರುತ್ತದೆ, ಆಯ್ಕೆಗಳ ನಡುವೆ 533 ಇದ್ದೇ ಇರುತ್ತದೆ. 600ಕ್ಕಿಂತ ಮುಂದಿರಬೇಕು ಎಂದು ಮೊದಲೇ ಹೇಳಿಕೊಂಡವರು ಆ ಬಲೆಗೆ ಬೀಳುವುದಿಲ್ಲ.

ಹಾದಿ ತಪ್ಪಿದಾಗಿನ ತಿದ್ದುಪಡಿಗೆ ಅರವತ್ತಕ್ಕೆ ಒಂದರ ನಿಯಮ ಸಾಕಾಗುತ್ತದೆ: 60 ಮೈಲಿಗೆ ಒಂದು ಮೈಲು ಸರಿದರೆ ಒಂದು ಡಿಗ್ರಿ. 40 ಮೈಲು ಹಾರಿ 4 ಮೈಲು ಪಕ್ಕಕ್ಕೆ ಸರಿದಿದ್ದರೆ ತಪ್ಪು 6 ಡಿಗ್ರಿ. ಗುರಿ ಇನ್ನೂ 80 ಮೈಲು ಇದ್ದರೆ ಅದನ್ನು ಸೇರಲು ಇನ್ನೂ 3 ಡಿಗ್ರಿ. ಒಟ್ಟು ತಿದ್ದುಪಡಿ 9 ಡಿಗ್ರಿ. ಇಂಥ ಲೆಕ್ಕಗಳನ್ನು ಬೆರಳೆಣಿಕೆಯ ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಮಾಡುವಷ್ಟು ಅಭ್ಯಾಸ ಬೇಕು. ಗಾಳಿಯ ತ್ರಿಕೋನಕ್ಕೆ (ವಿಮಾನದ ವೇಗ, ಗಾಳಿ, ನೆಲವೇಗ ಇವುಗಳ ಲೆಕ್ಕಕ್ಕೆ) ಬಳಸುವ ವೃತ್ತಾಕಾರದ ಫ್ಲೈಟ್ ಕಂಪ್ಯೂಟರ್ ಎಂಬ ಕೈಯಿಂದ ತಿರುಗಿಸುವ ಲೆಕ್ಕದ ತಟ್ಟೆ ಕೂಡ ನಿತ್ಯ ಕೈಯಲ್ಲಿ ತಿರುಗಿದರೆ ಮಾತ್ರ ಪರೀಕ್ಷೆಯಲ್ಲಿ ಮಾತು ಕೇಳುತ್ತದೆ.

ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಅಳತೆಯ ಏಕಮಾನವನ್ನು ಬರೆಯಬೇಕೆಂಬುದನ್ನು ನಾನು ಸಲಹೆಯಾಗಿ ಹೇಳುತ್ತಿಲ್ಲ, ನಿಯಮವಾಗಿಯೇ ಹೇಳುತ್ತೇನೆ. 1983ರ ಜುಲೈ 23ರಂದು ಏರ್ ಕೆನಡಾದ 143ನೇ ಹಾರಾಟದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಲೀಟರನ್ನು ತೂಕಕ್ಕೆ ಬದಲಿಸುವಾಗ ಕಿಲೋಗ್ರಾಂನ ಗುಣಾಂಕದ ಜಾಗದಲ್ಲಿ ಪೌಂಡಿನ 1.77 ಬಳಕೆಯಾದ್ದರಿಂದ, ವಿಮಾನವು ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನದೊಂದಿಗೆ ಹೊರಟಿತು. ನಡು ಆಕಾಶದಲ್ಲಿ ಎರಡೂ ಎಂಜಿನ್ ನಿಂತುಹೋದವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಕೆನಡಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ ಎಲ್ಲರೂ ಬದುಕಿದರು. ಆ ಲೆಕ್ಕದಲ್ಲಿ ಗುಣಾಕಾರ ತಪ್ಪಿರಲಿಲ್ಲ, ಏಕಮಾನ ತಪ್ಪಿತ್ತು. ತೂಕ ಮತ್ತು ಸಮತೋಲನದ ಪತ್ರಿಕೆಯಲ್ಲಿ ಲೀಟರ್, ಪೌಂಡ್, ಕಿಲೋಗ್ರಾಂ, ಅಮೆರಿಕನ್ ಗ್ಯಾಲನ್ ಎಲ್ಲವನ್ನೂ ಬೆರೆಸಿ ಕೇಳುವುದರ ಹಿಂದೆ ಇಂಥ ಕಾರಣವಿದೆ.

ಪರ್ಫಾರ್ಮೆನ್ಸ್

ಈ ವಿಷಯದಲ್ಲಿ ವ್ಯಾಖ್ಯೆಗಳನ್ನು ಅಕ್ಷರಶಃ ಕಲಿಯುವುದು ಅನಿವಾರ್ಯ, ಆದರೆ ಪ್ರತಿ ವ್ಯಾಖ್ಯೆಯ ಹಿಂದೆ ಯಾವ ಭಯ ಇದೆ ಎಂದು ಕೇಳಿಕೊಂಡರೆ ಕಲಿಕೆ ಸುಲಭವಾಗುತ್ತದೆ. ವಿ1 ಎಂಬುದು ಟೇಕಾಫ್ ಕೈಬಿಡಲು ಮೊದಲ ಕ್ರಮ ಕೈಗೊಳ್ಳಬಹುದಾದ ಕೊನೆಯ ವೇಗ. ಅದರಿಂದ ಮುಂದೆ ರನ್‌ವೇ ಉಳಿದಿರುವುದು ಹಾರುವುದಕ್ಕೆ, ನಿಲ್ಲುವುದಕ್ಕಲ್ಲ. ರನ್‌ವೇ ಒದ್ದೆಯಾದಾಗ ಬ್ರೇಕ್ ಹಿಡಿತ ಕಡಿಮೆಯಾಗುವುದರಿಂದ ನಿಲ್ಲುವ ನಿರ್ಧಾರವನ್ನು ಇನ್ನೂ ಕಡಿಮೆ ವೇಗದಲ್ಲಿ ತೆಗೆದುಕೊಳ್ಳಬೇಕು, ಅಂದರೆ ವಿ1 ಇಳಿಯುತ್ತದೆ. ಹಾಗೆ ಇಳಿಸಿದಾಗ ಆ ಕಡಿಮೆ ವೇಗದಿಂದಲೇ ಒಂದು ಎಂಜಿನ್‌ನಲ್ಲಿ ಮುಂದುವರಿಯಬೇಕಾದ ಪ್ರಸಂಗ ಬರಬಹುದು. ಆದ್ದರಿಂದಲೇ ಟೇಕಾಫ್ ದೂರದ ಕೊನೆಯಲ್ಲಿ ದಾಟಬೇಕಾದ ಎತ್ತರ, ಒಣ ರನ್‌ವೇಗೆ 35 ಅಡಿ ಇರುವುದು, ಎಂಜಿನ್ ಕೆಟ್ಟ ಪ್ರಸಂಗದಲ್ಲಿ ಒದ್ದೆ ರನ್‌ವೇಗೆ 15 ಅಡಿಗೆ ಇಳಿಯುತ್ತದೆ. ಎರಡು ಅಂಕೆಗಳನ್ನು ಬೇರೆಬೇರೆಯಾಗಿ ಕಲಿಯುವುದಕ್ಕೂ ಈ ಕೊಡುಕೊಳ್ಳುವಿಕೆಯನ್ನು ಅರ್ಥಮಾಡಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಫ್ಲಾಪ್ ವಿಚಾರವೂ ಅಂಥದ್ದೇ. ಹೆಚ್ಚು ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಇಳಿಸಿದರೆ ರನ್‌ವೇ ಕಡಿಮೆ ಸಾಕು, ಆದರೆ ಏರುವ ಕೋನ ಕುಗ್ಗುತ್ತದೆ. ಎರಡು ಎಂಜಿನ್‌ಗಳ ಜೆಟ್, ಒಂದು ಎಂಜಿನ್ ಕೆಟ್ಟು ಚಕ್ರಗಳನ್ನು ಒಳಗೆಳೆದುಕೊಂಡ ಮೇಲೆ, ಎರಡನೆಯ ಹಂತದಲ್ಲಿ ಕನಿಷ್ಠ ಶೇಕಡಾ 2.4ರಷ್ಟು ಏರಬೇಕು ಎಂಬ ಷರತ್ತು ಬಿಸಿಲಿನ, ಎತ್ತರದ ವಿಮಾನ ನಿಲ್ದಾಣಗಳಲ್ಲಿ ಗರಿಷ್ಠ ತೂಕವನ್ನು ಕಟ್ಟಿಹಾಕುತ್ತದೆ. ಗಿಡ್ಡ ರನ್‌ವೇಯಲ್ಲಿ ಕಟ್ಟಿಹಾಕುವುದು ರನ್‌ವೇಯ ಉದ್ದವೇ. ಉಷ್ಣಾಂಶ, ಒತ್ತಡದ ಎತ್ತರ (ಪ್ರಮಾಣಿತ ಒತ್ತಡ ಇಟ್ಟಾಗ ಆಲ್ಟಿಮೀಟರ್ ತೋರುವ ಎತ್ತರ), ಗಾಳಿ, ರನ್‌ವೇಯ ಇಳಿಜಾರು, ಫ್ಲಾಪ್ ಇವುಗಳಲ್ಲಿ ಒಂದೊಂದು ಬದಲಾದಾಗ ವಿ1, ಟೇಕಾಫ್ ದೂರ, ಏರಿಕೆ ಮೂರೂ ಯಾವ ಕಡೆ ಸರಿಯುತ್ತವೆ ಎಂಬುದನ್ನು ಒಂದು ದೊಡ್ಡ ಕೋಷ್ಟಕವಾಗಿ ನೀವೇ ಬರೆಯಿರಿ. ಬೇರೆಯವರ ಕೋಷ್ಟಕವನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ, ಪ್ರತಿ ಮನೆಯನ್ನೂ ತರ್ಕದಿಂದ ತುಂಬಬೇಕು. ಪರ್ಫಾರ್ಮೆನ್ಸ್ ಪಟ್ಟಿಗಳಲ್ಲಿ ಎದುರುಗಾಳಿಯ ಅರ್ಧವನ್ನು ಮಾತ್ರ ಲಾಭವೆಂದೂ ಬೆನ್ನುಗಾಳಿಯ ಒಂದೂವರೆ ಪಟ್ಟನ್ನು ನಷ್ಟವೆಂದೂ ಎಣಿಸಿರುವುದನ್ನು ನೆನಪಿಡಿ. ಅದನ್ನು ನೀವು ಮತ್ತೊಮ್ಮೆ ಕಡಿತ ಮಾಡಬೇಕಾಗಿಲ್ಲ.

ಹವಾಮಾನ, ಕಾನೂನು, ಮಾನವ ಸಾಮರ್ಥ್ಯ

ಹವಾಮಾನವನ್ನು ಪುಸ್ತಕದಿಂದ ಅರ್ಧ, ನಿಜ ವರದಿಗಳಿಂದ ಅರ್ಧ ಕಲಿಯಬೇಕು. ಪ್ರತಿ ಬೆಳಗ್ಗೆ ಯಾವುದಾದರೂ ಎರಡು ವಿಮಾನ ನಿಲ್ದಾಣಗಳ ಮೆಟಾರ್ (ಈಗಿನ ಹವಾಮಾನದ ವರದಿ) ಮತ್ತು ಟಾಫ್ (ಮುಂದಿನ ಗಂಟೆಗಳ ಮುನ್ಸೂಚನೆ) ತೆರೆದು, ಪೂರ್ತಿ ವಾಕ್ಯಗಳಲ್ಲಿ ಓದಿ ಹೇಳಿ, ಮುಂದಿನ ಮೂರು ಗಂಟೆಗಳಲ್ಲಿ ಏನಾಗಬಹುದೆಂದು ಬರೆದು, ಮಧ್ಯಾಹ್ನ ತಾಳೆ ನೋಡಿ. ಉಷ್ಣಾಂಶವೂ ಇಬ್ಬನಿ ಬಿಂದುವೂ ಒಂದೇ ಆಗಿ, ಆಕಾಶ ತಿಳಿಯಾಗಿ, ಗಾಳಿ ಮೆಲ್ಲಗೆ ಅಲುಗಾಡುತ್ತಿದ್ದರೆ ಮಂಜು ಕವಿಯುತ್ತದೆ. ಗಾಳಿ ಬಿರುಸಾದರೆ ಅದೇ ಮಂಜು ಮೇಲೆದ್ದು ತಗ್ಗಿನ ಪದರಮೋಡವಾಗುತ್ತದೆ. ಇದನ್ನು ನಿಜ ವರದಿಯಲ್ಲಿ ಒಮ್ಮೆ ಹಿಂಬಾಲಿಸಿದವರು ಮರೆಯುವುದಿಲ್ಲ. ಮೆಟಾರ್‌ನ ಗಾಳಿಯ ದಿಕ್ಕು ನಿಜ ಉತ್ತರದಿಂದಲೂ, ಇಳಿಯುವ ಮುನ್ನ ಟವರ್ ಹೇಳುವ ದಿಕ್ಕು ಕಾಂತೀಯ ಉತ್ತರದಿಂದಲೂ ಅಳೆದದ್ದು ಎಂಬ ಸಣ್ಣ ಅಂಶ ಅಡ್ಡಗಾಳಿಯ ಲೆಕ್ಕದಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಾನೂನಿಗೆ ಕಾರ್ಡುಗಳು ಸಾಕು, ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಒಂದನ್ನೊಂದು ಹೋಲುವ ಅಂಕೆಗಳನ್ನು ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಬರೆಯಿರಿ. ರೇಡಾರ್‌ಗೆ ಸಂಕೇತ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7500 ಅಪಹರಣಕ್ಕೆ, 7600 ರೇಡಿಯೊ ಕೈಕೊಟ್ಟಾಗ, 7700 ತುರ್ತು ಪರಿಸ್ಥಿತಿಗೆ ಎಂಬಂತೆ. ಮಾನವ ಸಾಮರ್ಥ್ಯದ ಪತ್ರಿಕೆ ಸುಲಭವೆಂಬ ಹೆಸರು ಪಡೆದಿದ್ದರೂ ನಾನು ಅದನ್ನು ಗೌರವದಿಂದ ಓದಬೇಕೆನ್ನುತ್ತೇನೆ. 35,000 ಅಡಿಯಲ್ಲಿ ಕ್ಯಾಬಿನ್ ಒತ್ತಡ ಹೋದರೆ ಉಪಯುಕ್ತ ಪ್ರಜ್ಞೆ ಉಳಿಯುವುದು ಅರ್ಧದಿಂದ ಒಂದು ನಿಮಿಷ ಮಾತ್ರ, ಮತ್ತು ಆಮ್ಲಜನಕದ ಕೊರತೆಯ ಮೊದಲ ಲಕ್ಷಣಗಳಲ್ಲಿ ಒಂದು ತನಗೇನೂ ಆಗಿಲ್ಲವೆಂಬ ಭಾವನೆ.

ಕ್ವೆಶ್ಚನ್ ಬ್ಯಾಂಕ್ ಬಳಸುವ ಕ್ರಮ

ಒಂದು ಅಧ್ಯಾಯವನ್ನು ಪುಸ್ತಕ ಮುಚ್ಚಿ ವಿವರಿಸಬಲ್ಲಿರಿ ಎಂದಾದ ಮೇಲೆ ಅದರ ಪ್ರಶ್ನೆಗಳಿಗೆ ಬನ್ನಿ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆಯನ್ನು ಓದಿ, ನಿಮ್ಮ ಉತ್ತರವನ್ನು ಕಾಗದದ ಮೇಲೆ ಬರೆದು, ಆಮೇಲೆ ಆಯ್ಕೆಗಳನ್ನು ನೋಡಿ. ಸರಿಯಾದರೂ ಅಲ್ಲಿಗೇ ಬಿಡದೆ, ಉಳಿದ ಆಯ್ಕೆಗಳು ಏಕೆ ತಪ್ಪೆಂದು ಒಂದೊಂದು ವಾಕ್ಯ ಹೇಳಿ. ತಪ್ಪಾದುದಕ್ಕೆ ಪ್ರತ್ಯೇಕ ಪುಸ್ತಕವಿರಲಿ. ಅದರಲ್ಲಿ ಪ್ರಶ್ನೆಯನ್ನು ನಕಲು ಮಾಡುವ ಬದಲು ತಪ್ಪಿನ ಬಗೆಯನ್ನು ಬರೆಯಿರಿ: ವಿಷಯವೇ ತಿಳಿದಿರಲಿಲ್ಲವೋ, ಲೆಕ್ಕ ಜಾರಿತೋ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೋ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪುಸ್ತಕಕ್ಕೆ ಮರಳಬೇಕು, ಎರಡನೆಯದಕ್ಕೆ ಅದೇ ಬಗೆಯ ಲೆಕ್ಕಗಳನ್ನು ಮತ್ತೆ ಮಾಡಬೇಕು, ಮೂರನೆಯದಕ್ಕೆ ‘ಅಲ್ಲ’, ‘ಕನಿಷ್ಠ’, ‘ಗರಿಷ್ಠ’, ‘ಹೊರತುಪಡಿಸಿ’ ಎಂಬ ಪದಗಳ ಅಡಿಗೆ ಗೆರೆ ಎಳೆಯುವ ಅಭ್ಯಾಸ ಬೇಕು. ಈ ಪುಸ್ತಕವನ್ನು ವಾರಕ್ಕೊಮ್ಮೆ ತೆರೆದರೆ ಯಾವ ಬಗೆಯ ತಪ್ಪು ನಿಮ್ಮನ್ನು ಹಿಂಬಾಲಿಸುತ್ತಿದೆ ಎಂಬುದು ಕಾಣುತ್ತದೆ, ಮತ್ತು ಓದಿನ ಸಮಯವನ್ನು ಅಲ್ಲಿಗೆ ತಿರುಗಿಸಬಹುದು.

ಕೊನೆಯ ವಾರಗಳಲ್ಲಿ ಪೂರ್ಣ ಅವಧಿಯ ಮಾದರಿ ಪರೀಕ್ಷೆಗಳನ್ನು, ಪರೀಕ್ಷೆಯಲ್ಲಿ ಅನುಮತಿ ಇರುವ ಸಲಕರಣೆಗಳನ್ನು ಮಾತ್ರ ಇಟ್ಟುಕೊಂಡು, ಎದ್ದು ಹೋಗದೆ ಬರೆಯಬೇಕು. ನಾಲ್ಕು ಗಂಟೆಗೆ 125 ಪ್ರಶ್ನೆಯೆಂದರೆ ಒಂದಕ್ಕೆ ಎರಡು ನಿಮಿಷವೂ ಇಲ್ಲ. ವ್ಯಾಖ್ಯೆಯ ಪ್ರಶ್ನೆಗಳನ್ನು ಅರ್ಧ ನಿಮಿಷದಲ್ಲಿ ಮುಗಿಸಿದರೆ ಮಾತ್ರ ಪಟ್ಟಿ ನೋಡಿ ಬಿಡಿಸಬೇಕಾದ ಲೆಕ್ಕಕ್ಕೆ ಐದಾರು ನಿಮಿಷ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಗೊತ್ತಿರುವುದನ್ನೆಲ್ಲ ಬರೆದು, ಉದ್ದನೆಯ ಲೆಕ್ಕಗಳಿಗೆ ಗುರುತು ಹಾಕಿ ಎರಡನೆಯ ಸುತ್ತಿಗೆ ಬಿಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂದು ನಿಮ್ಮ ಪ್ರಾಧಿಕಾರದ ನಿಯಮ ಹೇಳುತ್ತಿದ್ದರೆ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಮಾದರಿ ಪರೀಕ್ಷೆಯಲ್ಲಿ ತೇರ್ಗಡೆ ಅಂಕಕ್ಕಿಂತ ಕನಿಷ್ಠ ಹತ್ತು ಅಂಕ ಹೆಚ್ಚು, ಅದೂ ಹಿಂದೆ ಕಾಣದ ಪ್ರಶ್ನೆಗಳಲ್ಲಿ, ಸತತವಾಗಿ ಬರುವವರೆಗೆ ಪರೀಕ್ಷೆಯ ದಿನಾಂಕ ಕಾಯ್ದಿರಿಸದಿರುವುದು ಲೇಸೆಂಬುದು ನನ್ನ ಅಭಿಪ್ರಾಯ. ಹಲವು ಪತ್ರಿಕೆಗಳಿರುವ ಪದ್ಧತಿಯಲ್ಲಿ ಒಂದಕ್ಕೊಂದು ನೆರವಾಗುವ ಪತ್ರಿಕೆಗಳನ್ನು, ಅಂದರೆ ಪರ್ಫಾರ್ಮೆನ್ಸ್ ಜೊತೆಗೆ ತೂಕ ಮತ್ತು ಸಮತೋಲನ, ಉಪಕರಣಗಳ ಜೊತೆಗೆ ಹಾರಾಟದ ತತ್ತ್ವಗಳು ಎಂಬಂತೆ, ಒಂದೇ ಸುತ್ತಿನಲ್ಲಿ ಬರೆಯುವುದು ಅನುಕೂಲ.

ಹಿಂದಿನ ದಿನ ಹೊಸದೇನನ್ನೂ ಓದಬೇಡಿ. ಗುರುತಿನ ಪತ್ರ, ಅನುಮತಿ ಪಡೆದ ಕ್ಯಾಲ್ಕ್ಯುಲೇಟರ್, ಫ್ಲೈಟ್ ಕಂಪ್ಯೂಟರ್, ಪ್ಲಾಟರ್ ಇವನ್ನು ಎತ್ತಿಟ್ಟು, ತಪ್ಪುಗಳ ಪುಸ್ತಕವನ್ನು ಒಮ್ಮೆ ತಿರುವಿ, ಹೊತ್ತಿಗೆ ಸರಿಯಾಗಿ ಮಲಗಿ. ಒಂದು ಪತ್ರಿಕೆ ಕೈತಪ್ಪಿದರೆ, ಫಲಿತಾಂಶದೊಂದಿಗೆ ಯಾವ ಅಂಶಗಳಲ್ಲಿ ಅಂಕ ಹೋಯಿತೆಂಬ ವಿವರ ಬಂದಿದ್ದರೆ ಅದನ್ನು ಮೇಜಿನ ಮೇಲಿನ ಪಠ್ಯಕ್ರಮದ ಹಾಳೆಗೆ ಇಳಿಸಿ, ‘ವಿವರಿಸಬಲ್ಲೆ’ ಎಂದು ಬರೆದಿದ್ದ ಅಂಶಗಳಲ್ಲಿ ಯಾವುವು ನಿಜವಾಗಿ ‘ಗುರುತಿಸಬಲ್ಲೆ’ ಆಗಿದ್ದವೆಂದು ನೋಡಿ, ಮರುಪರೀಕ್ಷೆಯ ಓದನ್ನು ಅಲ್ಲಿಂದ ಶುರುಮಾಡಿ.